ಓಣಿಯ ತುದಿಯಿಂದ ಕರೆದ ಹೆಸರು

ಗೋಪಿಕಾಬಾಯಿಯವರನ್ನು ಅವರ ಯಜಮಾನರಾದ ಜಯತೀರ್ಥ ಮಾಸ್ತರರು ಐವತ್ತು ವರ್ಷ ಸಂಸಾರ ಮಾಡಿಯೂ ಒಂದು ಸಲವಾದರೂ ಹೆಸರು ಹಿಡಿದು ಕರೆದವರಲ್ಲ. ‘ಇಲ್ಲಿ ನೋಡು’ ಎಂದರೆ ಚಹಾ ಬೇಕು. ‘ಕೇಳಿಸ್ತೇನು’ ಎಂದರೆ ಕನ್ನಡಕ ಸಿಗುತ್ತಿಲ್ಲ. ಬರೀ ಕೆಮ್ಮಿದರೆ ಹೊರಗೆ ಯಾರೋ ಬಂದಿದ್ದಾರೆ, ಇನ್ನೊಂದು ಲೋಟ ಹೆಚ್ಚಿಗೆ ಇಡು. ಆಕೆಯೂ ಏನು ಕಡಿಮೆಯಲ್ಲ, ಗಂಡನ ಹೆಸರನ್ನು ಬಾಯಿಗೆ ತಂದವರಲ್ಲ. ಹೀಗೆ ಹೆಸರಿನ ಹಂಗೇ ಇಲ್ಲದೆ ಸವಣೂರಿನ ಆ ಮನೆಯಲ್ಲಿ ಮಗ ಹುಟ್ಟಿದ, ಓದಿದ, ಶಿಗ್ಗಾಂವಿಯಲ್ಲಿ ಕಾಲೇಜು ಮೇಷ್ಟ್ರಾದ, ಮದುವೆಯಾದ. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ. ಸುದ್ದಿಯಾದದ್ದು ಗೋಪಿಕಾಬಾಯಿ ಯಾರು ಕರೆದರೂ ಓ ಎನ್ನದೆ ಮಲಗಿಬಿಟ್ಟಾಗ.

ಗೋಪಿಕಾ ಎಂಬ ಹೆಸರು ಆಕೆಗೆ ಬಂದದ್ದೇ ಈ ಮನೆಯ ಹೊಸ್ತಿಲು ದಾಟಿದ ದಿನ. ಬೆಳ್ಳಿಯ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವುದು ಆ ಮನೆತನದ ಪದ್ಧತಿ. ತಾಯಿ ಹೇಳಿಕೊಟ್ಟ ಹೆಸರನ್ನು ಜಯತೀರ್ಥರು ಬರೆದರು, ನೆರೆದವರು ಓದಿ ತಲೆದೂಗಿದರು, ಅಕ್ಕಿ ಮತ್ತೆ ಡಬ್ಬಿಗೆ ಹೋಯಿತು. ಹತ್ತಿಮತ್ತೂರಿನಿಂದ ಬಂದ ಹುಡುಗಿ ಅಂದಿನಿಂದ ಗೋಪಿಕಾಬಾಯಿ. ತಾಯಿ ತಂದೆ ಆಕೆಗೆ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡಿದ್ದರು. ಸಾಕಿದ ಸೋದರಮಾವನೂ ಮದುವೆಯ ಮರುವರ್ಷ ಹೋಗಿಬಿಟ್ಟರು, ಆ ಮನೆ ಮಾರಿಹೋಯಿತು. ತವರೆಂಬುದೇ ಇಲ್ಲದ ಮೇಲೆ ಹಳೆಯ ಹೆಸರಿನಿಂದ ಕರೆಯುವ ಬಾಯಿಗಳೂ ಇಲ್ಲವಾದವು.

ಸೊಸೆ ಸಂಪದಾ ಈ ಮನೆಗೆ ಬಂದಾಗಲೂ ಅದೇ ಬೆಳ್ಳಿಯ ತಟ್ಟೆ ಹೊರಗೆ ಬಂತು. ಮಗ ಆಕಾಶ ಉಂಗುರ ಹಿಡಿದು ಕೂತಿದ್ದ, ಹಿರಿಯರು ಯಾವುದೋ ಹೆಸರನ್ನು ಅವನ ಕಿವಿಯಲ್ಲಿ ಹೇಳಿಯೂ ಆಗಿತ್ತು. ಆಗ ಗೋಪಿಕಾಬಾಯಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಮಗನ ಮುಂದೆ ನಿಂತರು.

“ಸಂಪದಾ ಅಂತನ ಬರಿ. ಆಕಿ ಹೆಸರು ಆಕಿ ಜೋಡಿ ಬಂದದ.”

ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಅತ್ತೆ ಬಹಳ ಸುಧಾರಿಸಿದವರು ಎಂದು ಬೀಗರ ಕಡೆಯವರು ಮೆಚ್ಚಿಕೊಂಡರು. ಸಂಪದಾಳೂ ಹಾಗೆಯೇ ತಿಳಿದಳು. ಒಮ್ಮೆ ಮಾತಿಗೆ ಮಾತು ಬಂದು, “ಅತ್ತೀ, ಮದುವಿಗಿಂತ ಮೊದಲ ನಿಮ್ಮ ಹೆಸರು ಏನಿತ್ತು?” ಎಂದು ಕೇಳಿಯೂ ಇದ್ದಳು. “ಇದ್ದದ್ದು ಇತ್ತು. ಆ ಮೆಂತ್ಯಾ ಸೊಪ್ಪು ಇತ್ಲಾಗ ಕೊಡು,” ಎಂದು ಆಕೆ ಮಾತು ಮುಗಿಸಿಬಿಟ್ಟರು. ಸೊಪ್ಪು ಬಿಡಿಸುವಾಗ ಗೋಪಿಕಾಬಾಯಿಯ ಎಡಗೈ ಚುರುಕಾಗಿ ಓಡುತ್ತಿತ್ತು. ಊಟಕ್ಕೆ, ಬಡಿಸುವುದಕ್ಕೆ, ದೇವರಿಗೆ ಹೂ ಏರಿಸುವುದಕ್ಕೆ ಬಲಗೈ. ಮೊರದಲ್ಲಿ ಬೇಳೆ ಹಸನು ಮಾಡುವುದು, ಸೊಪ್ಪು ಬಿಡಿಸುವುದು, ಗುಂಡಿ ಹಚ್ಚುವುದು, ಇಂಥ ಯಾರೂ ಕಣ್ಣಿಟ್ಟು ನೋಡದ ಕೆಲಸಕ್ಕೆ ಎಡಗೈ. ಹೊಸದರಲ್ಲಿ ಎಡಗೈ ಊಟದ ಗಂಗಾಳಕ್ಕೆ ಹೋದರೆ ಅವರ ಅತ್ತೆ ಕಣ್ಣು ಕೆಂಪಗೆ ಮಾಡುತ್ತಿದ್ದರಂತೆ.

ಸಂಪದಾಳ ಕೆಲಸ ಬಂಕಾಪುರದಲ್ಲಿ, ಹೆದ್ದಾರಿಯ ಪಕ್ಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಚಿಕ್ಕೇರೂರಿನ ಪ್ರಭು ಎಂಬವನು ಅಲ್ಲಿ ಸಣ್ಣದೊಂದು ಕಂಪನಿ ನಡೆಸುತ್ತಾನೆ. ಸುತ್ತಲಿನ ಆಸ್ಪತ್ರೆ, ಬೀಜದ ವ್ಯಾಪಾರಿಗಳು, ಶಾಲೆಗಳು ತಮ್ಮ ಲೆಕ್ಕಪತ್ರ, ಫೋಟೋ ಇಡಲು ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಸೊಸೆ ದಿನಾ ಏನು ಮಾಡುತ್ತಾಳೆ ಎಂಬುದು ಗೋಪಿಕಾಬಾಯಿಗೆ ಬಹಳ ದಿನ ಬಗೆಹರಿದಿರಲಿಲ್ಲ. ಅವಳು ಮನೆಯಲ್ಲೂ ಲ್ಯಾಪ್‌ಟಾಪ್ ತೆಗೆದು ಕೂತ ಒಂದು ಸಂಜೆ ಮೊರ ಹಿಡಿದು ಪಕ್ಕಕ್ಕೆ ಬಂದು ಕೂತು ಕೇಳಿದರು.

“ಅದರಾಗ ಏನ ನೋಡ್ಲಿಕತ್ತೀಯವಾ ಅಷ್ಟು?”

“ಡಿಸ್ಕ್, ಅತ್ತೀ. ಎಲ್ಲೋ ದೂರ ಒಂದು ದೊಡ್ಡ ಕಂಪ್ಯೂಟರ್ ಇರ್ತದ. ದೊಡ್ಡ ವಾಡೇದಾಗ ಖೋಲಿ ಮಾಡಿ ಬಾಡಿಗಿಗೆ ಕೊಟ್ಟಂಗ ಅದರೊಳಗ ಭಾಳ ಮಂದಿಗೆ ಜಾಗಾ ಕೊಡ್ತಾರ. ಒಂದೊಂದು ಖೋಲಿನೂ ತಾನ ಒಂದು ಕಂಪ್ಯೂಟರ್ ಅಂತ ತಿಳಕೊಂಡಿರ್ತದ. ಸಾಮಾನಿಡಲಿಕ್ಕೆ ಡಿಸ್ಕ್ ಬ್ಯಾರೆ ತಗೋಬೇಕು. ಬೇಕಾದಾಗ ಹಚ್ಚೋದು, ಬ್ಯಾಡಾದಾಗ ಬಿಚ್ಚೋದು.”

“ಒಂದು ಖೋಲಿದು ಬಿಚ್ಚಿ ಇನ್ನೊಂದಕ್ಕ ಹಚ್ಚಬಹುದೇನು?”

“ಹಚ್ಚಬಹುದು. ಆದ್ರ ಅಲ್ಲಿ ಹೋದಮ್ಯಾಲೆ ಬ್ಯಾರೆ ಹೆಸರು ಬೀಳ್ತದ. ಇಲ್ಲಿ ‘ಬಿ’ ಅನಿಸಿಕೊಂಡದ್ದು ಅಲ್ಲಿ ‘ಸಿ’ ಆಗಬಹುದು. ಹಚ್ಚಿಕೊಂಡವರು ಕೊಟ್ಟದ್ದ ಹೆಸರು.”

ಗೋಪಿಕಾಬಾಯಿ ಬೇಳೆಯಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟರು. “ಹೆಸರು ಬದಲಾದ್ರ ಒಳಗಿಟ್ಟದ್ದು ಹೋಗ್ತದೇನು?”

“ಇಲ್ಲ ಅತ್ತೀ. ಒಳಗಿಂದು ಒಳಗನ ಇರ್ತದ.”

“ಹಂಗಾದ್ರ ಛಲೋ ಆತು,” ಎಂದು ಮತ್ತೆ ಬೇಳೆ ಕೇರತೊಡಗಿದರು. ಸಂಪದಾ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಅತ್ತೆಗೆ ಕಂಪ್ಯೂಟರ್ ಅರ್ಥವಾಯಿತು ಎಂದು ಆಕಾಶನ ಮುಂದೆ ಹೇಳಿ ನಕ್ಕಳು, ಅಷ್ಟೆ.

ಆಮೇಲೆ ಮಳೆಗಾಲ ಮುಗಿಯುವ ಹೊತ್ತಿಗೆ ಗೋಪಿಕಾಬಾಯಿಗೆ ಜ್ವರ ಬಂತು. ಜ್ವರ ತಲೆಗೇರಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಇಟ್ಟುಕೊಂಡು ಜ್ವರ ಇಳಿಸಿ ಕಳಿಸಿದರು. ಕೈಕಾಲು ನೆಟ್ಟಗಿದ್ದವು, ಗಂಟಲೂ ನೆಟ್ಟಗಿತ್ತು, ಆದರೆ ಆಕೆ ಮಾತ್ರ ಎಲ್ಲೋ ಇದ್ದರು. ಕಣ್ಣು ತೆರೆದರೂ ಯಾರನ್ನೂ ನೋಡುತ್ತಿರಲಿಲ್ಲ. ಬಾಯಿಗೆ ಚಮಚ ತಂದರೆ ಹಲ್ಲು ಬಿಗಿ ಹಿಡಿಯುತ್ತಿದ್ದರು. ತುಟಿಗೆ ಸವರಿದ ಗಂಜಿಯಲ್ಲಿ ಒಳಗೆ ಹೋದಷ್ಟೇ ಹೋಯಿತು.

“ಕರೀತಾ ಇರ್ರಿ, ಮಾತಾಡಸ್ತಾ ಇರ್ರಿ,” ಎಂದು ಡಾಕ್ಟರರು ಹೇಳಿದ್ದರು. “ಸೋಮವಾರದ ತನಕ ನೋಡೋಣ. ಬಾಯಿಲೆ ಉಣ್ಣದಿದ್ರ ಮೂಗಿನ್ಯಾಗ ನಳಿಗಿ ಹಾಕಬೇಕಾಗ್ತದ. ಈ ವಯಸ್ಸಿನ್ಯಾಗ ಒಮ್ಮೆ ಹಾಕಿದ್ರ ತಗಿಯೋದು ಕಷ್ಟ.”

ಕರೆದರು. ಕರೆಯದೆ ಏನು. ಆಕಾಶ “ಅವ್ವಾ” ಎಂದ. ಸಂಪದಾ “ಅತ್ತೀ” ಎಂದಳು. ಬಂದುಹೋದವರೆಲ್ಲ “ಗೋಪಿಕಾಬಾಯಿ” ಎಂದು ಕಿವಿಯ ಹತ್ತಿರ ಬಾಗಿ ಕರೆದರು. ರೆಪ್ಪೆ ಅಲುಗಲಿಲ್ಲ. ಜಯತೀರ್ಥರು ಎಲ್ಲರೂ ಹೋದ ಮೇಲೆ ಬಂದು ಮಂಚದ ತಲೆಕಡೆ ನಿಂತು, ಒಮ್ಮೆ ಕೆಮ್ಮಿ ನೋಡಿದರು. ಸ್ವಲ್ಪ ತಡೆದು ಇನ್ನೊಮ್ಮೆ ಕೆಮ್ಮಿದರು. ಬಾಗಿಲಲ್ಲಿ ನಿಂತಿದ್ದ ಸಂಪದಾ ಅದನ್ನು ನೋಡಿದಳು. ಇಷ್ಟು ವರ್ಷ ಆ ಮನುಷ್ಯನಿಗೆ ಹೆಂಡತಿಯನ್ನು ಕರೆಯಲು ಬೇರೆ ದಾರಿ ಬೇಕಾಗಿರಲೇ ಇಲ್ಲ.

ಶನಿವಾರ ಬಂಕಾಪುರದ ಕಚೇರಿಯಿಂದ ಫೋನು ಬಂತು. ಹಾನಗಲ್ಲಿನ ಒಂದು ಸ್ಕ್ಯಾನಿಂಗ್ ಸೆಂಟರಿನವರ ಹಳೆಯ ಚಿತ್ರಗಳೆಲ್ಲ ಮಾಯವಾಗಿವೆ ಎಂದು ಪ್ರಭು ಹುಯ್ಯಲಿಟ್ಟ. ಹೋಗದೆ ಗತಿಯಿರಲಿಲ್ಲ. ಆಕಾಶನನ್ನು ತಾಯಿಯ ಪಕ್ಕದಲ್ಲಿ ಕೂರಿಸಿ ಸಂಪದಾ ಸ್ಕೂಟಿ ತೆಗೆದಳು.

“ಮುಂಜಾನಿ ಮಷೀನ್ ಬಂದ್ ಮಾಡಿ ಚಾಲೂ ಮಾಡಿದೆ, ಅಷ್ಟ ನೋಡ್ರಿ,” ಪ್ರಭುವಿನ ಮುಖ ಬಿಳಚಿಕೊಂಡಿತ್ತು. “ಫೋಲ್ಡರ್ ತೆಗದ್ರ ಖಾಲಿ. ಡಿಸ್ಕನ ಹೋತು ಅನಿಸ್ತೈತಿ.”

ಸಂಪದಾ ಕೂತು ನೋಡಿದಳು. ಡಿಸ್ಕು ಎಲ್ಲಿಯೂ ಹೋಗಿರಲಿಲ್ಲ. ಆ ಮಷೀನಿಗೆ ಎರಡು ಡಿಸ್ಕು ಹಚ್ಚಿದ್ದರು, ಒಂದರಲ್ಲಿ ಹಳೆಯ ಚಿತ್ರಗಳು, ಇನ್ನೊಂದು ಹೊಸದು, ಖಾಲಿ. ಮಷೀನು ಎದ್ದಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬೀಳುತ್ತದೋ ಅದಕ್ಕೆ ಮೊದಲಿನ ಅಕ್ಷರ ಕೊಡುತ್ತದೆ. ನಿನ್ನೆಯವರೆಗೆ ಹಳೆಯದು ‘ಬಿ’ ಆಗಿತ್ತು. ಇಂದು ಖಾಲಿ ಡಿಸ್ಕು ಮುಂದೆ ಬಂದು ‘ಬಿ’ ಎನಿಸಿಕೊಂಡಿತ್ತು, ಹಳೆಯದು ‘ಸಿ’ ಆಗಿತ್ತು. ಪ್ರಭು ಮೊದಲು ಹಚ್ಚಿದಾಗ ‘ಬಿ’ಯನ್ನು ತೆರೆ ಎಂದು ಬರೆದಿಟ್ಟಿದ್ದ. ಪಾಪದ ಮಷೀನು ಹೇಳಿದ್ದನ್ನೇ ಮಾಡಿತ್ತು.

“ಅಕ್ಷರ ನಂಬಿ ಕೆಟ್ಟಿವಿ ನೋಡ್ರಿ,” ಎಂದಳು ಸಂಪದಾ. “ಅದು ಮಷೀನು ಕೊಟ್ಟ ಹೆಸರು. ಇವತ್ತು ಒಂದು, ನಾಳಿಗೆ ಒಂದು. ಡಿಸ್ಕನ್ನ ಮೊದಲ ಸಜ್ಜು ಮಾಡಿದ ದಿನ ಅದರ ಒಳಗನ ಒಂದು ಉದ್ದನ್ನ ಗುರುತು ಬಿದ್ದಿರ್ತದ. ಎಲ್ಲಿ ಹಚ್ಚಿದ್ರೂ ಅದು ಬದಲಾಗಂಗಿಲ್ಲ. ಆ ಗುರುತು ಹಿಡಿದು ಕರದ್ರ ತಪ್ಪಂಗಿಲ್ಲ.”

ಅಕ್ಷರವಿದ್ದಲ್ಲಿ ಅದನ್ನು ಅಳಿಸಿ, ಡಿಸ್ಕಿನ ಒಳಗಿನ ಗುರುತನ್ನು ಬರೆದಳು. ಮಷೀನು ಬಂದ್ ಮಾಡಿ ಚಾಲೂ ಮಾಡಿದರು. ಹಾನಗಲ್ಲಿನ ಮಂದಿಯ ಎಲುಬು, ಎದೆ, ಹೊಟ್ಟೆಯಲ್ಲಿನ ಕೂಸುಗಳು ಎಲ್ಲ ಇದ್ದಲ್ಲೇ ಇದ್ದವು. ಪ್ರಭುವಿನ ಜೀವ ಮೇಲೆ ಬಂತು. ಜೀವ ಬಂದೊಡನೆ ಚೇಷ್ಟೆಯೂ ಬಂತು.

“ಮದುವಿಯಾದ ಹೆಣ್ಮಕ್ಕಳಿದ್ದಂಗ ಅದಾವಲ್ರೀ ಇವು. ನಮ್ಮಕ್ಕನ್ನ ಗಂಡನ ಮನ್ಯಾಗ ಒಂದು ಹೆಸರಿಂದ ಕರೀತಾರ, ನಾವೊಂದು ಹೆಸರಿಂದ ಕರೀತೇವಿ. ಆಕಿ ಚಿಕ್ಕೇರೂರಿಗೆ ಬಂದಾಗ ಗಂಡನ ಮನಿ ಹೆಸರು ಹಿಡದ ಕೂಗಿದ್ರ ತಿರುಗೀನೂ ನೋಡಂಗಿಲ್ಲ.”

ಸಂಪದಾ ನಕ್ಕಳು. ನಗುತ್ತಿದ್ದಂತೆಯೇ ತಿರುಗಿ ನೋಡದ ಅತ್ತೆ ಕಣ್ಣ ಮುಂದೆ ಬಂದರು. ಒಳಗಿಟ್ಟದ್ದು ಹೋಗ್ತದೇನು ಎಂದು ಆಕೆ ಕೇಳಿದ್ದೂ, ಹಂಗಾದ್ರ ಛಲೋ ಆತು ಎಂದದ್ದೂ ಒಟ್ಟಿಗೇ ನೆನಪಾದವು. ಅಕ್ಕಿಯ ತಟ್ಟೆಯ ಮುಂದೆ ನಿಂತು ಆಕಿ ಹೆಸರು ಆಕಿ ಜೋಡಿ ಬಂದದ ಎಂದ ಆ ದನಿಯೂ. ಅದು ಸುಧಾರಣೆಯಾಗಿರಲಿಲ್ಲ. ತನಗೆ ಆದದ್ದು ಈ ಹುಡುಗಿಗೆ ಆಗುವುದು ಬೇಡ ಎಂಬ ಸಂಕಟವಾಗಿತ್ತು. ಅಷ್ಟು ದೊಡ್ಡದನ್ನು ಕೊಟ್ಟವರನ್ನು ತಾನು ಒಂದು ಸಲ, ಅದೂ ಮೆಂತ್ಯದ ಸೊಪ್ಪಿನ ನಡುವೆ, ಕೇಳಿ ಸುಮ್ಮನಾಗಿದ್ದೆನಲ್ಲ ಎಂದು ಸಂಪದಾಳಿಗೆ ಅಳು ಬಂತು. ಪ್ರಭು ಏನೂ ತಿಳಿಯದೆ ನೀರಿನ ಬಾಟಲಿ ತಂದುಕೊಟ್ಟ.

ಅಲ್ಲಿಂದಲೇ ಮಾವನಿಗೆ ಫೋನು ಮಾಡಿದಳು. “ಮಾಮಾ, ಅತ್ತಿಯವರ ಮೊದಲಿನ ಹೆಸರು ಏನರೀ?”

“ಜಾತಕದಾಗ ರುಕ್ಮಿಣಿ ಅಂತ ಇತ್ತವಾ,” ಎಂದರು ಜಯತೀರ್ಥರು.

“ಒಮ್ಮೆ ಕರೀರಿ. ನಾ ಫೋನ್ ಹಿಡಕೊಂಡಿರ್ತೀನಿ.”

ಮಾವ ಆಕಾಶನಿಗೆ ಹೇಳಿದ್ದು, ಆಕಾಶ ರುಕ್ಮಿಣಿ ಎಂದು ಎರಡು ಮೂರು ಬಾರಿ ಕರೆದದ್ದು ಫೋನಿನಲ್ಲಿ ಕೇಳಿಸಿತು. “ಇಲ್ಲವಾ,” ಎಂದರು ಮಾವ. “ಅದು ಕಾಗದದಾಗಿನ ಹೆಸರು. ಅವರ ಮನ್ಯಾಗ ಏನಂತ ಕರೀತಿದ್ರೋ ನಾ ಎಂದೂ ಕೇಳಲಿಲ್ಲ.” ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣದಾಯಿತು.

ಸಂಪದಾ ಮನೆಗೆ ಹೋಗದೆ ಹತ್ತಿಮತ್ತೂರಿಗೆ ಗಾಡಿ ತಿರುಗಿಸಿದಳು. ಅತ್ತೆಯ ಸೋದರಮಾವ ಆ ಊರಲ್ಲಿ ಶಾಲೆ ಕಲಿಸಿದವರು ಎಂಬುದಷ್ಟೇ ಗೊತ್ತಿತ್ತು. ಊರಬಾಗಿಲ ಅಗಸಿಯ ಹತ್ತಿರ ಕೇಳಿದ್ದಕ್ಕೆ, ಅಷ್ಟು ಹಿಂದಿನದು ಗೊತ್ತಿದ್ದರೆ ಸಿದ್ದವ್ವನಿಗೇ ಗೊತ್ತು, ಆಕೆಯ ಮನೆ ಆ ಮಾಸ್ತರರ ಮನೆಯ ಎದುರಿಗೇ ಇತ್ತು ಎಂದು ತೋರಿಸಿದರು. ಸಿದ್ದವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಹಲ್ಲಿಲ್ಲ, ಕಣ್ಣು ಮಂಜು, ಕಿವಿ ಮಾತ್ರ ಚುರುಕು.

“ಗೋಪಿಕಾ? ಅಂಥಾಕಿ ಯಾಕಿನೂ ನಮ್ಮ ಓಣ್ಯಾಗ ಇರಲಿಲ್ಲ ತಂಗಿ.”

“ರುಕ್ಮಿಣಿ ಅಂತ ಇದ್ರೇನ್ರಿ ಅಜ್ಜಿ?”

“ಅದೂ ಇಲ್ಲ. ಮಾಸ್ತರ್ ಮನ್ಯಾಗ ಹುಡುಗ್ಯಾರು ಮೂರ್ನಾಲ್ಕು ಮಂದಿ ಇದ್ರು. ನಿಮ್ಮತ್ತಿ ಯಾಕಿ ಅಂತ ಹ್ಯಾಂಗ ಹೇಳ್ಲಿ?”

ಸಂಪದಾ ಅತ್ತೆಯ ಬಣ್ಣ, ಎತ್ತರ ಹೇಳಿದಳು, ಆದರೆ ಆ ಬಣ್ಣ ಎತ್ತರದವರು ಊರ ತುಂಬ. ಆಗ ಅತ್ತೆಯ ಮೊರ ನೆನಪಾಯಿತು.

“ಎಡಗೈಲೆ ಬ್ಯಾಳಿ ಹಸನ ಮಾಡ್ತಾರ್ರಿ. ಸೊಪ್ಪೂ ಎಡಗೈಲೆನ ಬಿಡಸ್ತಾರ.”

ಮೆಣಸಿನಕಾಯಿಯ ಮೇಲಿದ್ದ ಸಿದ್ದವ್ವನ ಕೈ ನಿಂತಿತು. “ಎಡಗೈಯಾಕಿ? ಅಯ್ಯ ತಂಗಿ, ಅದನ್ನ ಮೊದಲ ಹೇಳಬಾರದ. ಆಕಿ ನಮ್ಮ ತುಂಗಿ. ಎಡಗೈಲೆ ಕಲ್ಲು ಒಗದ್ರ ಹುಣಸೀಗಿಡದ ತುದಿಗಿಂದು ಕಾಯಿ ಬೀಳಬೇಕು, ಹಂಗಿದ್ಳು. ಅವರಜ್ಜಿ ಹೆಸರು ತುಂಗಾಬಾಯಿ, ಅದಕ್ಕ ಮನ್ಯಾಗ ತುಂಗಿ ಅಂತಿದ್ರು.” ಕೈಯಲ್ಲಿನ ಮೆಣಸಿನಕಾಯಿ ಕೆಳಗಿಟ್ಟು, “ಇನ್ನೂ ಅದಾಳ?” ಎಂದು ಮೆಲ್ಲಗೆ ಕೇಳಿದಳು.

ಸಂಪದಾ ಎಲ್ಲ ಹೇಳಿದಳು. ಯಾರು ಕರೆದರೂ ಓ ಎನ್ನುವುದಿಲ್ಲ, ಬಾಯಿ ತೆರೆಯುವುದಿಲ್ಲ, ಸೋಮವಾರ ನಳಿಗೆ ಹಾಕುತ್ತಾರೆ. ಸಿದ್ದವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೆಣಸಿನಕಾಯಿಯ ಕೈ ಎಂಬುದನ್ನು ಮರೆತು. ಕಣ್ಣು ಉರಿದು ಇನ್ನಷ್ಟು ನೀರು ಬಂತು. ಹಾಗೆಯೇ ನಕ್ಕಳು.

“ನೀವೆಲ್ಲಾರೂ ಕಿವಿ ಹಂತ್ಯಾಕ ಹೋಗಿ ಹಗೂರಕ ಕರದಿರಬೇಕು. ಹಂಗ ಕರದ್ರ ಬರಾಕಿ ಅಲ್ಲ ಆಕಿ. ಆಕಿ ಇರೂದು ಗಿಡದ ಮ್ಯಾಲೆ. ಅವರ ಮಾಮಾ ಓಣಿ ತುದಿಗೆ ನಿಂತು ಉದ್ದಕ ಕೂಗಬೇಕು, ಆವಾಗ ಬರ್ತಿದ್ಳು. ನನ್ನ ಮೊಣಕಾಲು ನೆಟ್ಟಗಿದ್ರ ನಾನ ಬಂದು ಕೂಗ್ತಿದ್ದೆ. ಹೋಗು ತಂಗಿ. ಗಂಡಸರ ದನೀಲೆ ಕೂಗಸು.”

ಸಂಪದಾ ಸವಣೂರಿಗೆ ಬಂದಾಗ ಬಿಸಿಲು ಇಳಿದಿತ್ತು. ಅತ್ತೆ ಹಾಗೆಯೇ ಮಲಗಿದ್ದರು. ಮೊದಲು ತಾನೇ ಕಿವಿಯ ಬಳಿ ಬಾಗಿ “ತುಂಗೀ” ಎಂದಳು. ರೆಪ್ಪೆ ಅಲುಗಿದಂತಾಯಿತು, ಅಲುಗಲಿಲ್ಲವೇನೋ ಎಂದೂ ಅನಿಸಿತು. ಸಂಪದಾ ಹೊರಗೆ ಬಂದು, ಪಡಸಾಲೆಯಲ್ಲಿ ಕೂತ ಮಾವನಿಗೆ ಹತ್ತಿಮತ್ತೂರಿನ ಮಾತನ್ನೆಲ್ಲ ಹೇಳಿದಳು. ಜಯತೀರ್ಥರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

“ಆಕಾಶ ಕೂಗಲಿ,” ಎಂದರು.

“ಅವರು ಅವ್ವ ಅಂತ ಕರದವರು, ಮಾಮಾ. ಇದನ್ನ ನೀವ ಕರೀಬೇಕು.”

“ಮಂದಿ ಏನಂದಾರು, ಇಷ್ಟು ವಯಸ್ಸಿನ್ಯಾಗ ಓಣ್ಯಾಗ ನಿಂತು.”

ಸಂಪದಾ ಅವರ ಚಪ್ಪಲಿ ತಂದು ಮುಂದಿಟ್ಟಳು. ಮುದುಕರು ತಾವೇ ಎದ್ದರು. ಚಪ್ಪಲಿ ಮೆಟ್ಟಿಕೊಂಡು, ಕೋಲು ಮರೆತು, ಬಾಗಿಲು ದಾಟಿ ಓಣಿಗೆ ಇಳಿದರು. ತುದಿಯ ಬೇವಿನ ಗಿಡದವರೆಗೆ ಹೋಗಿ ಮನೆಯ ಕಡೆ ಮುಖ ಮಾಡಿ ನಿಂತರು. ಶಾಲೆಯಲ್ಲೂ ಎಂದೂ ದನಿ ಏರಿಸದ ಮಾಸ್ತರ ಎಂದು ಹೆಸರಾದವರು ಅವರು. ಮೊದಲ ಸಲ ಬಾಯಿ ತೆರೆದಾಗ ದನಿ ಹೊರಡಲಿಲ್ಲ. ಬರೀ ಕೆಮ್ಮು ಬಂತು.

ಎರಡನೆಯ ಸಲ ಕೂಗಿದರು. “ತುಂಗೀ.”

ಎದುರುಮನೆಯ ಅಫ್ಸಾನಾ ಪರದೆ ಸರಿಸಿ ನೋಡಿದಳು. ಹಾಲು ಹಾಕುವವನು ಗಾಡಿ ನಿಲ್ಲಿಸಿದ. ಜಯತೀರ್ಥರು ಯಾರ ಕಡೆಗೂ ನೋಡಲಿಲ್ಲ. ಈ ಸಲ ಇನ್ನೂ ಉದ್ದಕ್ಕೆ, ಕೊರಳ ನರ ಉಬ್ಬುವಂತೆ ಕೂಗಿದರು. “ತುಂಗೀ, ಏ ತುಂಗೀ.”

ಒಳಗೆ ಮಂಚದ ಮೇಲೆ ಗೋಪಿಕಾಬಾಯಿಯ ಕತ್ತು ಬಾಗಿಲ ಕಡೆಗೆ ತಿರುಗಿತು. ತುಟಿ ಒಣಗಿ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು.

“ಬಂದೇ,” ಎಂದರು.

ಆಕಾಶ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಸಂಪದಾ ಓಡಿಹೋಗಿ ಮಾವನ ಕೈಹಿಡಿದು ಕರೆತಂದಳು. ಜಯತೀರ್ಥರು ಏದುಸಿರು ಬಿಡುತ್ತ ಮಂಚದ ಮುಂದೆ ಬಂದು ನಿಂತರು. ಗೋಪಿಕಾಬಾಯಿ ಅವರನ್ನು ನೋಡಿದರು, ನಿಜವಾಗಿಯೂ ನೋಡಿದರು, ಅಡಿಯಿಂದ ಮುಡಿಯವರೆಗೆ.

“ಯಾರ್ರಿ ನೀವು? ಮಾಮಾ ಮನ್ಯಾಗಿಲ್ಲ.”

ಸಂಪದಾ ಮಾವನ ಬೆನ್ನ ಹಿಂದೆ ಬಂದು ನಿಂತಳು. ಮುದುಕರಿಗೆ ಇದನ್ನು ತಾಳಿಕೊಳ್ಳುವುದು ಆಗಲಿಕ್ಕಿಲ್ಲ ಎನಿಸಿತು. ಆದರೆ ಜಯತೀರ್ಥರು ಮೆಲ್ಲಗೆ ಕುರ್ಚಿ ಎಳೆದುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಅದರ ತುದಿಯಲ್ಲಿ ಕೂತರು.

“ನಾನು ಸವಣೂರಿನವ,” ಎಂದರು. “ಜಯತೀರ್ಥ ಅಂತ.”

ಆಕೆ ಯೋಚಿಸಿದರು. ಆ ಹೆಸರನ್ನು ಎಲ್ಲೋ ಕೇಳಿದ್ದೇನೆ ಎಂಬಂತೆ ಹುಬ್ಬು ಕೂಡಿಸಿದರು, ಆಮೇಲೆ ಬಿಟ್ಟುಕೊಟ್ಟರು. “ಊಟ ಆತೇನ್ರಿ?”

“ಇಲ್ಲ. ನೀವು ಉಂಡ್ರ ನಾನೂ ಉಣ್ತೀನಿ.”

ಹೆಂಡತಿಗೆ ನೀವು ಎಂದದ್ದೂ ಅವರಿಗೆ ಅದೇ ಮೊದಲು. ಸಂಪದಾ ಅಡಿಗೆಮನೆಗೆ ಹೋಗಿ, ಮೆತ್ತಗೆ ಮಾಡಿದ ಅನ್ನಕ್ಕೆ ತೊವ್ವೆ, ತುಪ್ಪ ಕಲಸಿ ತಂದಳು. ಆಕಾಶ ತಾಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ. ತಟ್ಟೆಯನ್ನು ದಿನದ ರೂಢಿಯಂತೆ ಬಲಗೈಯ ಕಡೆ ಇಟ್ಟರು. ಬಲಗೈ ಮಡಿಲಲ್ಲೇ ಇತ್ತು. ಹೊದಿಕೆಯ ಒಳಗಿನಿಂದ ಎಡಗೈ ಹೊರಗೆ ಬಂತು, ತಟ್ಟೆಯ ಕಡೆ ಚಾಚಿತು, ಜಯತೀರ್ಥರ ಮುಖ ನೋಡಿ ಅರ್ಧಕ್ಕೆ ನಿಂತಿತು.

ಜಯತೀರ್ಥರು ಬಾಗಿ ತಟ್ಟೆಯನ್ನು ಎತ್ತಿ ಎಡಗೈಯ ಹತ್ತಿರ ಇಟ್ಟರು.

“ಉಣ್ಣು ತುಂಗಾ,” ಎಂದರು.